ಆಫ್ರಿಕಾದ ಭತ್ತ: ಗುಣಗಳಿವೆ, ದಾಟಿಸುವುದೇ ಕಷ್ಟ

ನಮ್ಮ ಗದ್ದೆಗಳದು ಒರೈಜಾ ಸಟೈವಾ. ಪಶ್ಚಿಮ ಆಫ್ರಿಕಾದ ರೈತರು ಸುಮಾರು 3,000 ವರ್ಷಗಳ ಹಿಂದೆ ಪಳಗಿಸಿದ್ದು ಬೇರೆ ಪ್ರಭೇದ, ಒರೈಜಾ ಗ್ಲಾಬೆರಿಮಾ. ಇದರ ಕಾಡು ಮೂಲ ಒರೈಜಾ ಬಾರ್ತಿ. ಗ್ಲಾಬೆರಿಮಾ, ಸಟೈವಾ ಎರಡಕ್ಕೂ 24 ವರ್ಣತಂತು, ಎರಡೂ ಎಎ ಜೀನೋಮ್, ಅಂದರೆ ವರ್ಣತಂತುಗಳು ಪರಸ್ಪರ ಜೋಡಿಯಾಗುವಷ್ಟು ಹೋಲುವ ಒಂದೇ ಗುಂಪು. ಹಾಗಾಗಿ ಸಂಕರಣ ಸಾಧ್ಯ.

ಗುರುತು ಹಿಡಿಯಲು ಎಲೆ ಕಾಂಡಕ್ಕೆ ಸೇರುವಲ್ಲಿನ ತೆಳು ನಾಲಗೆ ನೋಡಿ. ಸಟೈವಾದಲ್ಲಿ ಅದು ಉದ್ದ, ತುದಿ ಸೀಳಿರುತ್ತದೆ. ಗ್ಲಾಬೆರಿಮಾದಲ್ಲಿ ಗಿಡ್ಡ, ದುಂಡಗೆ. ತೆನೆಯಲ್ಲಿ ಮರಿಗವಲು ಕಡಿಮೆ, ಆದ್ದರಿಂದ ಕಾಳೂ ಕಡಿಮೆ. ಗಿಡ ಒರಗುತ್ತದೆ, ಮಾಗಿದ ಕಾಳು ಉದುರುತ್ತದೆ. ಬೀಜಕ್ಕೆಂದು ಬೆಳೆಯುವವರು ಮಾಗುವ ಮೊದಲೇ ತೆನೆಗೆ ಚೀಲ ಕಟ್ಟಬೇಕು.

ಪಳಗಿಸುವಾಗ ಕಾಡುಭತ್ತದ ಸ್ವಲ್ಪ ಭಾಗವಷ್ಟೇ ಆಯ್ಕೆಯಾದ್ದರಿಂದ ಇದರ ಒಟ್ಟು ವೈವಿಧ್ಯ ಸಟೈವಾಕ್ಕಿಂತ ಕಿರಿದು. ಆದರೂ ಇರುವುದು ಬೆಲೆಬಾಳುವಂಥದು. ಎಳೆಯ ಗಿಡದ ಅಗಲವಾದ, ಬಾಗಿದ ಎಲೆಗಳು ನೆಲಕ್ಕೆ ನೆರಳು ಹಾಸಿ ಕಳೆಯನ್ನು ಅಡಗಿಸುತ್ತವೆ. ಸಿಜಿ14 ತಳಿಯ 3ನೇ ವರ್ಣತಂತುವಿನಲ್ಲಿರುವ ಟಿಟಿ1 ವಂಶವಾಹಿ, ಬಿಸಿಲಿಗೆ ಕೆಟ್ಟ ಪ್ರೋಟೀನುಗಳನ್ನು ಜೀವಕೋಶ ಬೇಗ ವಿಲೇವಾರಿ ಮಾಡುವಂತೆ ಮಾಡುತ್ತದೆ. ಇದು 2015ರಲ್ಲಿ ಪ್ರಕಟವಾಯಿತು. ಟಾಗ್5681 ತಳಿ ಭತ್ತದ ಹಳದಿ ಮಚ್ಚೆ ವೈರಸ್ಸನ್ನು ಚೆನ್ನಾಗಿ ತಡೆಯುತ್ತದೆ. ವೈರಸ್ಸಿಗೆ ಬೇಕಾದ ಗಿಡದ ಒಂದು ಪ್ರೋಟೀನು ಅಲ್ಲಿ ಸ್ವಲ್ಪ ಬದಲಾಗಿದೆ. ಈ ಗುಣ ಅಪ್ರಬಲ, ಅಂದರೆ ವಂಶವಾಹಿಯ ಎರಡೂ ಪ್ರತಿ ಇದ್ದರಷ್ಟೇ ಕಾಣುತ್ತದೆ, ಇಲ್ಲೇ ಹಲವರು ಎಡವುತ್ತಾರೆ: ಎಫ್1 (ಸಂಕರಣದ ಮೊದಲ ಪೀಳಿಗೆಯ) ಗಿಡಕ್ಕೆ ರೋಗ ಬಂತೆಂದು ಕಿತ್ತೆಸೆದರೆ ಬೇಕಾದ ವಂಶವಾಹಿಯೂ ಹೋದಂತೆ. ಮಾರ್ಕರ್ (ಡಿಎನ್‌ಎ ಗುರುತು) ಪರೀಕ್ಷೆ ಇಲ್ಲದಿದ್ದರೆ ಮರುಸಂಕರಣದ, ಅಂದರೆ ಮತ್ತೆ ಸಟೈವಾದೊಡನೆ ಕೂಡಿಸಿದ, ಪ್ರತಿ ಪೀಳಿಗೆಯನ್ನೂ ಸ್ವಪರಾಗಸ್ಪರ್ಶಕ್ಕೆ ಬಿಟ್ಟೇ ಪರೀಕ್ಷಿಸಬೇಕು.

ಸಂಕರಣ ಹೀಗೆ. ಸಟೈವಾವನ್ನು ತಾಯಿಯಾಗಿಸಿ, ಸಂಜೆ ಹೂವಿನ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಆರೂ ಪರಾಗಕೋಶ ತೆಗೆದು, ಬೆಣ್ಣೆ ಕಾಗದದ ಚೀಲ ಹಾಕಿ. ಮರುದಿನ ಬೆಳಿಗ್ಗೆ ಗ್ಲಾಬೆರಿಮಾ ಹೂ ಅರಳಿದಾಗ ಪರಾಗ ಉದುರಿಸಿ. ಕಾಳು ಕಟ್ಟದೆ ಹೋದರೆ ಎಳೆಯ ಭ್ರೂಣ ಬಿಡಿಸಿ ಪೋಷಕ ಮಾಧ್ಯಮದಲ್ಲಿ ಬೆಳೆಸಬೇಕಾಗುತ್ತದೆ.

ನಿಜವಾದ ತೊಡಕು ಎಫ್1ನಲ್ಲಿ: ಗಿಡ ಹುಲುಸು, ತೆನೆ ಪೂರ್ತಿ ಜೊಳ್ಳು. ಪರಾಗಕ್ಕೆ ಅಯೋಡಿನ್ ದ್ರಾವಣ ಹಾಕಿ ನೋಡಿ. ಫಲವಂತವಾದದ್ದು ಕಪ್ಪಾಗುತ್ತದೆ, ಬಂಜೆಯಾದದ್ದು ಹಳದಿಯಾಗೇ ಉಳಿಯುತ್ತದೆ. ಮುಖ್ಯ ಕಾರಣ 6ನೇ ವರ್ಣತಂತುವಿನ ಎಸ್1 ಎಂಬ ವಂಶವಾಹಿ ತಾಣ. ಅದರ ಗ್ಲಾಬೆರಿಮಾ ರೂಪ, ಸಟೈವಾ ರೂಪ ಹೊತ್ತ ಲಿಂಗಾಣುಗಳನ್ನು (ಪರಾಗ, ಅಂಡ) ಕೊಲ್ಲುತ್ತದೆ. ಅಂಡಗಳು ಮಾತ್ರ ಕೆಲವು ಉಳಿಯುತ್ತವೆ. ಅದಕ್ಕೇ ಎಫ್1ನ್ನು ತಾಯಿಯಾಗಿಸಿ ಸಟೈವಾ ಪರಾಗದಿಂದ ಮರುಸಂಕರಿಸುವುದು. ಎಸ್1ನ ಗ್ಲಾಬೆರಿಮಾ ರೂಪವೇ ಎರಡೂ ಪ್ರತಿಯಲ್ಲಿ ನೆಲೆಯಾದ ಸಾಲು ಚೆನ್ನಾಗಿ ಕಾಳು ಕಟ್ಟುತ್ತದೆ, ಆದರೆ ಮತ್ತೆ ಸಟೈವಾದೊಡನೆ ಕೂಡಿಸಿದಾಗ ಜೊಳ್ಳು ಮರಳುತ್ತದೆ.

1990ರ ದಶಕದಲ್ಲಿ ಐವರಿ ಕೋಸ್ಟ್‌ನಲ್ಲಿ ತಳಿ ವಿಜ್ಞಾನಿ ಮಾಂಟಿ ಜೋನ್ಸ್ ತಂಡ ಸಿಜಿ14ನ್ನು ಡಬ್ಲ್ಯೂಎಬಿ56-104 ಎಂಬ ಸಟೈವಾ ತಳಿಯೊಂದಿಗೆ ಕೂಡಿಸಿ, ಎರಡು ಬಾರಿ ಮರುಸಂಕರಿಸಿ ಮೊದಲ ನೆರಿಕಾ (ಆಫ್ರಿಕಾಕ್ಕೆ ಹೊಸ ಭತ್ತ) ತಳಿಗಳನ್ನು ರೂಪಿಸಿತು. ಲೆಕ್ಕದ ಪ್ರಕಾರ ಇವುಗಳಲ್ಲಿ ಗ್ಲಾಬೆರಿಮಾ ಪಾಲು 12.5%, ಮಾರ್ಕರ್‌ನಿಂದ ಅಳೆದಾಗ ಅದಕ್ಕೂ ಕಡಿಮೆ. ಮೆಟ್ಟುನೆಲದ 18 ನೆರಿಕಾಗಳಿಗೂ ಗ್ಲಾಬೆರಿಮಾ ದಾನಿ ಸಿಜಿ14 ಒಂದೇ. ತಗ್ಗು ಗದ್ದೆಯ ನೆರಿಕಾಗಳಿಗೆ ಟಾಗ್5681 ಬಳಕೆಯಾಯಿತು. ಆಫ್ರಿಕಾ ರೈಸ್ ಸಂಶೋಧನಾ ಕೇಂದ್ರದ ವಂಶವಾಹಿ ಭಂಡಾರದಲ್ಲಿ ಸಾವಿರಾರು ಗ್ಲಾಬೆರಿಮಾ ಮಾದರಿಗಳಿರುವಾಗ ಇಷ್ಟಕ್ಕೇ ನಿಂತದ್ದು ದೊಡ್ಡ ಕೊರತೆ ಎಂಬುದು ನಮ್ಮ ಅಭಿಪ್ರಾಯ.

ಹೊಸ ದಾನಿಯನ್ನು ತರಿಸಿಕೊಂಡಾಗ ಆ ಬೀಜವನ್ನು ನೇರ ಸಂಕರಣಕ್ಕೆ ಹಾಕಬೇಡಿ, ಭಂಡಾರದ ಪೊಟ್ಟಣಗಳಲ್ಲೂ ಬೆರಕೆ ಇರುವುದುಂಟು. ಮೊದಲು ಒಂದೊಂದೇ ಗಿಡ ಬೆಳೆಸಿ, ಎಲೆಯ ನಾಲಗೆ ನೋಡಿ, ಶುದ್ಧವೆನಿಸಿದ ಒಂದೇ ಗಿಡದ ಬೀಜವನ್ನು ಬೇರೆ ತೆಗೆದಿಡಿ.