ಅನಿಮೇಷನ್: ನಂಟು ಉಸಿರಿನದು, ರೆಪ್ಪೆಯದಲ್ಲ

‘ಅನಿಮೇಷನ್’ ನಮ್ಮ ‘ಅನಿಮೇಷ’ದಿಂದ ಹುಟ್ಟಿದ್ದೆಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ, ಉಚ್ಚಾರ ಅಷ್ಟು ಹತ್ತಿರ. ಆದರೆ ನಂಟಿಲ್ಲ. ನಿಮೇಷವೆಂದರೆ ರೆಪ್ಪೆ ಮಿಟುಕು; ಮಿಟುಕಿಸದವರು ಅನಿಮೇಷರು. ನಳನ ವೇಷದಲ್ಲಿ ಬಂದ ದೇವತೆಗಳನ್ನು ದಮಯಂತಿ ಗುರುತಿಸಿದ ಲಕ್ಷಣಗಳಲ್ಲಿ ಅದೂ ಒಂದು.

ಅನಿಮೇಷನ್ನಿನ ಬೇರು ಲ್ಯಾಟಿನ್ನಿನ ‘ಅನಿಮಾ’, ಅಂದರೆ ಉಸಿರು, ಜೀವ. ಇಂಗ್ಲಿಷಿನಲ್ಲಿ ಶತಮಾನಗಳ ಕಾಲ ಅದಕ್ಕೆ ಜೀವ ತುಂಬುವುದು, ಲವಲವಿಕೆ ಎಂಬ ಅರ್ಥಗಳೇ ಇದ್ದವು. ಚಿತ್ರ ಚಲಿಸುವ ಅರ್ಥ ಅಂಟಿಕೊಂಡದ್ದು 20ನೇ ಶತಮಾನದ ಆರಂಭದಲ್ಲಿ. ಸಂಸ್ಕೃತದ ‘ಅನ್’ ಧಾತುವಿಗೂ ಉಸಿರಾಡು ಎಂದೇ ಅರ್ಥ: ಪ್ರಾಣ, ಅಪಾನ, ವ್ಯಾನ, ಕೊನೆಗೆ ಅಡುಗೆಮನೆಯ ಸಿಲಿಂಡರಿನ ‘ಅನಿಲ’ ಕೂಡ ಅದರ ಸಂತಾನ. ಇಂಗ್ಲಿಷಿನ ‘ಅನಿಮಲ್’, ನಮ್ಮ ‘ಪ್ರಾಣಿ’ ಎರಡೂ ಹೇಳುವುದು ಒಂದನ್ನೇ: ಉಸಿರುಳ್ಳದ್ದು! ಹಾಗೆಂದು ಲ್ಯಾಟಿನ್ ಸಂಸ್ಕೃತದಿಂದ ಹುಟ್ಟಿತೆನ್ನುವುದು ತಪ್ಪು. ಅವೆರಡೂ ಇನ್ನೂ ಹಳೆಯ ಒಂದು ಭಾಷೆಯ ಮಕ್ಕಳು. ಕನ್ನಡ ದ್ರಾವಿಡ ಮನೆಯದು, ಅದರ ಸ್ವಂತ ಪದ ‘ಉಸಿರು’.

ಸ್ವಾರಸ್ಯವೆಂದರೆ, ಚಿತ್ರಕ್ಕೆ ಉಸಿರು ಬರಲು ಮಿಟುಕು ಬೇಕೇ ಬೇಕು. 1832ರಲ್ಲಿ ಬೆಲ್ಜಿಯಂನ ಭೌತವಿಜ್ಞಾನಿ ಜೋಸೆಫ್ ಪ್ಲಾಟೋ ಮಾಡಿದ, ಚಿತ್ರ ಚಲಿಸುವಂತೆ ಕಾಣಿಸುವ ತಟ್ಟೆಯನ್ನು ಮನೆಯಲ್ಲೇ ಮಾಡಬಹುದು. 24 ಸೆಂಟಿಮೀಟರ್ ಅಗಲದ ದಪ್ಪ ರಟ್ಟಿನ ಅಂಚಿನಲ್ಲಿ 30 ಡಿಗ್ರಿಗೊಂದರಂತೆ 12 ಸೀಳು, ತಲಾ 3 ಮಿಲಿಮೀಟರ್ ಅಗಲ. ಸೀಳುಗಳ ನಡುವೆ ಒಂದೇ ಗೊಂಬೆಯ ಕುಣಿತದ 12 ಹಂತಗಳ ಚಿತ್ರ. ಹಿಂಬದಿಗೆ ಕಪ್ಪು ಬಳಿದು, ನಡುವೆ ಗುಂಡುಸೂಜಿ ಚುಚ್ಚಿ, ಕನ್ನಡಿಯೆದುರು ಸೆಕೆಂಡಿಗೊಂದು ಸುತ್ತು ತಿರುಗಿಸಿ ಹಿಂದಿನಿಂದ ಸೀಳಿನಲ್ಲಿ ನೋಡಿ. ಸೀಳು ಅಗಲವಾದರೆ ಚಿತ್ರ ಕದಡುತ್ತದೆ, ತೀರಾ ಕಿರಿದಾದರೆ ಕತ್ತಲು. ಸೀಳಿಲ್ಲದೆ ನೇರವಾಗಿ ನೋಡಿದರೆ ಬರೀ ಬೂದು ಬಳೆ. ಅನಿಮೇಷ ದೃಷ್ಟಿಗೆ ದಕ್ಕುವುದು ಅಷ್ಟೇ.

ಹಿಂದಿನ ಚಿತ್ರ ಕಣ್ಣಲ್ಲಿ ಉಳಿದು ಮುಂದಿನದಕ್ಕೆ ಬೆಸೆಯುವುದರಿಂದ ಚಲನೆ ಕಾಣುತ್ತದೆಂದು ಇಂದಿಗೂ ಬರೆಯುತ್ತಾರೆ. ಹಾಗೆ ಉಳಿದರೆ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗುತ್ತಿತ್ತು! 1912ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿದ. ನಡುವಿನ ಅಂತರ ಸುಮಾರು 30 ಮಿಲಿಸೆಕೆಂಡಿದ್ದಾಗ ಎರಡೂ ಒಟ್ಟಿಗೆ ಕಂಡವು. 200 ಆದಾಗ ಬೇರೆಬೇರೆ. 60ರ ಆಸುಪಾಸಿನಲ್ಲಿ ಒಂದೇ ಗೆರೆ ಸರಿದಂತೆ ಕಂಡಿತು. ರಂಗೋಲಿಯ ಚುಕ್ಕಿಗಳನ್ನಷ್ಟೇ ಕಂಡರೂ ಎಳೆ ಹೊಳೆಯುವಂತೆ, ಗದ್ದಲದ ಬಸ್ಸಿನಲ್ಲಿ ನುಂಗಿಹೋದ ಅಕ್ಷರವನ್ನು ನಾವೇ ತುಂಬಿಕೊಳ್ಳುವಂತೆ, ನಡುವಿನ ದಾರಿಯನ್ನು ಮಿದುಳೇ ಎಳೆಯುತ್ತದೆ.

ಮಿದುಳು ನಂಬುವುದು ಚಿತ್ರಗಳ ಸ್ಥಾನಗಳನ್ನು. 12 ಸೀಳಿಗೆ 13 ಚಿತ್ರ ಬರೆದು ನೋಡಿ: ತಟ್ಟೆ 30 ಡಿಗ್ರಿ ತಿರುಗಿದಾಗ ಮುಂದಿನ ಚಿತ್ರ ಸುಮಾರು 2.3 ಡಿಗ್ರಿ ಮುಂದಿರುತ್ತದೆ, ನಿಂತಲ್ಲೇ ಕುಣಿಯಬೇಕಾದ ಗೊಂಬೆ ತಟ್ಟೆ ತಿರುಗುವ ದಿಕ್ಕಿಗೇ ತೆವಳುತ್ತದೆ. 11 ಬರೆದರೆ ಹಿಂದಕ್ಕೆ.