ವೈನಿನ ಒಗರಿಗೆ ನಮ್ಮಲ್ಲೇ ಮಾತಿದೆ

ಕಾರವಾರದಲ್ಲಿ ಹೋಟೆಲ್ ಕೆಲಸಗಾರರಿಗೆ ವೈನ್ ರುಚಿ ನೋಡುವುದನ್ನು ಕಲಿಸುತ್ತೇನೆ. ಮೊದಲ ದಿನ ಬೆಳಗ್ಗೆ ಬಾಟಲಿ ಮುಟ್ಟುವುದೇ ಇಲ್ಲ. ತಟ್ಟೆಯಲ್ಲಿ ಹುಣಸೆಹಣ್ಣು, ಜಜ್ಜಿದ ಕಾಳುಮೆಣಸು, ಹೆಚ್ಚಿದ ದೊಣ್ಣೆಮೆಣಸು, ಬೇಸಿಗೆಯಾದರೆ ಗೇರುಹಣ್ಣು. ಕಣ್ಣು ಮುಚ್ಚಿ ಮೂಸಿ, ಆಮೇಲೆ ಬಾಯಿಗೆ ಹಾಕಿಕೊಳ್ಳಿ ಅನ್ನುತ್ತೇನೆ.

ಕ್ಯಾಬರ್ನೆ ಸೋವಿನ್ಯಾನ್ ಅನ್ನುವ ಕೆಂಪು ವೈನ್ ಅಂದರೆ ಬ್ಲ್ಯಾಕ್‌ಕರಂಟ್ ವಾಸನೆ ಅಂತ ಪುಸ್ತಕಗಳಲ್ಲಿ ಇರುತ್ತದೆ. ಆ ಹಣ್ಣನ್ನು ಇವರಲ್ಲಿ ಹೆಚ್ಚಿನವರು ಕಂಡೇ ಇಲ್ಲ. ಕಾಣದ ಹಣ್ಣಿನ ಹೆಸರನ್ನು ಸುಮ್ನೆ ಬಾಯಿಪಾಠ ಮಾಡಿದರೆ ಮೂಗು ಏನೂ ಕಲಿಯುವುದಿಲ್ಲ.

ಕಳೆದ ಬ್ಯಾಚಿನಲ್ಲಿ ಅಂಕೋಲೆಯ ಹುಡುಗಿಯೊಬ್ಬಳು ಕ್ಯಾಬರ್ನೆ ಒಂದು ಗುಟುಕು ಬಾಯಿಗೆ ಹಾಕಿ, ಮುಕ್ಕಳಿಸಿ ಉಗುಳಿದಳು. "ಮೇಡಂ, ತುಂಬಾ ಡ್ರೈ ಉಂಟು" ಅಂದಳು. ಎಲ್ಲಿ ಹಾಗನಿಸಿತು ಅಂತ ಕೇಳಿದೆ. ನಾಲಿಗೆಯನ್ನು ವಸಡಿನ ಮೇಲೆ ಆಡಿಸಿ ತೋರಿಸಿದಳು. "ಗೇರುಹಣ್ಣು ತಿಂದ ಹಾಗೆ ಆಗ್ತದೆ ಅಲ್ವಾ?" ಅಂದೆ. ಅವಳ ಮುಖ ಅರಳಿತು. "ಹೌದು ಮೇಡಂ, ಒಗರು!"

ಇಲ್ಲೇ ಜಾಸ್ತಿ ಜನ ಎಡವುವುದು. ವೈನಿನ ಮಾತಿನಲ್ಲಿ ಡ್ರೈ ಅಂದರೆ ಸಿಹಿ ಇಲ್ಲದ್ದು, ಅಷ್ಟೇ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದು ಮುಗಿಸಿದೆ ಅಂತ ಅರ್ಥ. ಬಾಯಿ ಒಣಗಿಸುವುದು ಟ್ಯಾನಿನ್. ಅದು ಮುಖ್ಯವಾಗಿ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ನುಣುಪು ತೆಗೆದುಬಿಡುತ್ತದೆ. ಶಿರಸಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆ ಅಡಿಕೆ ಬೇಯಿಸಿದಾಗ ಬರುವ ಚೊಗರು, ಕೆಂಪಡಿಕೆಗೆ ಬಣ್ಣ ಕಟ್ಟುವುದು, ಅದರಲ್ಲಿರುವುದೂ ಟ್ಯಾನಿನ್ನೇ. ಕಹಿ ಬೇರೆ, ಒಗರು ಬೇರೆ ಅಂತ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಇಷ್ಟು ಒಳ್ಳೆಯ ಮಾತನ್ನು ಬಿಟ್ಟು ಡ್ರೈ ಅನ್ನುವುದೇಕೆ?

ಕಾಳುಮೆಣಸಿನ ಪಾಠ ನನಗೆ ಎಲ್ಲಕ್ಕಿಂತ ಇಷ್ಟ. ಶಿರಾಜ್ ವೈನಿಗೆ ಮೆಣಸಿನ ವಾಸನೆ ಇದೆ ಅನ್ನುವುದು ಬರೀ ಹೋಲಿಕೆ ಅಲ್ಲ. ರೊಟಂಡೋನ್ ಅನ್ನುವ ಒಂದೇ ವಸ್ತು ಎರಡರಲ್ಲೂ ಇದೆ. 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಪತ್ತೆ ಮಾಡಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ಹತ್ತುವುದೇ ಇಲ್ಲ ಅನ್ನುವುದೂ ಗೊತ್ತಾಯಿತು. ಹಾಗಾಗಿ ವಾಸನೆ ಸಿಗದವರು ಸಿಕ್ಕಿತು ಅಂತ ತಲೆ ಆಡಿಸಬಾರದು.

ದೊಣ್ಣೆಮೆಣಸಿನದೂ ಹೀಗೆಯೇ. ಅದರ ಹಸಿರು ವಾಸನೆ ಕೊಡುವ ಪೈರಜೀನ್ ಕ್ಯಾಬರ್ನೆಯಲ್ಲೂ ಇದೆ. ದ್ರಾಕ್ಷಿ ಪೂರ್ತಿ ಹಣ್ಣಾಗದಿದ್ದರೆ ಇನ್ನೂ ಜಾಸ್ತಿ. ಕ್ಯಾಬರ್ನೆ ಸೋವಿನ್ಯಾನ್ ದ್ರಾಕ್ಷಿ ತಳಿ ಹುಟ್ಟಿದ್ದು ಕ್ಯಾಬರ್ನೆ ಫ್ರಾಂ ಮತ್ತು ಸೋವಿನ್ಯಾನ್ ಬ್ಲಾಂ ಕೂಡಿ ಅಂತ 1997ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಆ ಹಸಿರು ವಾಸನೆ ತಂದೆ ತಾಯಿ ಇಬ್ಬರಲ್ಲೂ ಇದೆ.

ಹುಳಿಗೆ ಹುಣಸೆಹಣ್ಣೇ ಸಾಕು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲವೇ ಹುಣಸೆಯಲ್ಲೂ ಮುಖ್ಯ. ಕೆಲವು ಶಾರ್ಡನೆ ವೈನ್ ಬೆಣ್ಣೆಯಂತೆ ಘಮ್ಮೆನ್ನುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾ ಸೇರಿ, ಹಸಿರು ಸೇಬಿನ ಚುರುಕು ಹುಳಿಯನ್ನು ಮೊಸರಿನ ಮೆತ್ತನೆ ಹುಳಿಯಾಗಿ ಬದಲಾಯಿಸಿರುತ್ತದೆ.

ಇನ್ನೊಂದು ಮಾತು. ಕೆಂಪು ವೈನ್ ರೂಮ್ ಟೆಂಪರೇಚರಿನಲ್ಲಿ ಕೊಡಿ ಅನ್ನುತ್ತಾರೆ. ಆ ರೂಮು ಕಾರವಾರದ್ದಲ್ಲ. 16ರಿಂದ 18 ಡಿಗ್ರಿ ಇರಬೇಕು. ನಮ್ಮ ಸೆಕೆಗೆ ಅರ್ಧ ಗಂಟೆಯಾದರೂ ಫ್ರಿಜ್ಜಿನಲ್ಲಿಡಿ.

ಕೊನೆಯ ದಿನ ಬಂಗಡೆ ಫ್ರೈ ತರಿಸಿ, ಅದರ ಜೊತೆ ಕ್ಯಾಬರ್ನೆ ಕೊಟ್ಟೆ. ಎಲ್ಲರೂ ಮುಖ ಕಿವುಚಿದರು. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಗೆ ಸೇರಿದರೆ ಬಾಯಿಯೆಲ್ಲ ಮೀನಿನ ಕಮಟು. ಶೆನಿನ್ ಬ್ಲಾಂ ಅನ್ನುವ ಬಿಳಿ ವೈನ್ ಕೊಟ್ಟಾಗ ಸರಿಹೋಯಿತು. ಅಂಕೋಲೆಯ ಆ ಹುಡುಗಿ ಗಿರಾಕಿಗೆ ಹೇಳುವ ಹಾಗೆ ನಿಂತು ಅಭ್ಯಾಸ ಮಾಡಿದಳು: "ಸರ್, ಇದು ಒಗರು ಜಾಸ್ತಿ, ಬಂಗಡೆಗೆ ಆಗೂದಿಲ್ಲ. ಹುಳಿ ಇರೋ ಬಿಳಿ ವೈನ್ ತರ್ಲಾ?"