ಕೆಂಪುಕಲ್ಲು, ಕರೇಜ್, ಕಪ್ಪು ಬಿದ್ರಿ: ಬೀದರ್ ನಿಂತ ನೆಲದ ಕಥೆ

ಬೀದರ್‌ಗೆ ಬರುವವರಲ್ಲಿ ಹೆಚ್ಚಿನವರು ಒಂದೇ ದಿನಕ್ಕೆ ಬರುತ್ತಾರೆ. ಬೆಳಿಗ್ಗೆ ಕೋಟೆ, ಮಧ್ಯಾಹ್ನ ಮಹಮೂದ್ ಗವಾನನ ಮದರಸಾ, ಸಂಜೆ ಗುರುನಾನಕ್ ಝೀರಾ, ಹೊರಡುವ ಮುನ್ನ ಒಂದು ಬಿದ್ರಿ ಡಬ್ಬಿ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿಯ ಚಿತ್ತಾರ ಕೂರಿಸಿದ ಡಬ್ಬಿ. ಇವೆಲ್ಲ ಬೇರೆ ಬೇರೆ ಸಂಗತಿಗಳಂತೆ ಕಾಣುತ್ತವೆ. ಆದರೆ ಕೋಟೆಯ ಕಂದಕ, ಝೀರಾದ ಊಟೆ, ಝರಣಿ ನರಸಿಂಹನ ಗುಹೆ, ಬಿದ್ರಿಯ ಕಪ್ಪು ಎಲ್ಲಕ್ಕೂ ಬೇರು ಈ ಊರಿನ ನೆಲದಲ್ಲೇ ಇದೆ. ಆ ನೆಲದ ಪರಿಚಯವಾದರೆ ಏನು ನೋಡಬೇಕು, ಏನು ಕೊಳ್ಳಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಬೀದರ್ ಸಮುದ್ರಮಟ್ಟದಿಂದ ಸುಮಾರು 2,300 ಅಡಿ ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿದೆ. ಮೇಲ್ಪದರ ಜಂಬಿಟ್ಟಿಗೆ, ಅಂದರೆ ತೂತು ತೂತಾದ ಕೆಂಪು ಲ್ಯಾಟರೈಟ್ ಕಲ್ಲು. ಅದರ ಕೆಳಗೆ ದಖನ್ನಿನ ಗಟ್ಟಿ ಕರಿಕಲ್ಲು. ಮಳೆನೀರು ಕೆಂಪುಕಲ್ಲಿನೊಳಗೆ ಸಲೀಸಾಗಿ ಇಳಿಯುತ್ತದೆ. ಕರಿಕಲ್ಲಿನ ಮೇಲಿನ ಜಿಗುಟು ಪದರ ಮುಟ್ಟಿದ ಮೇಲೆ ಇನ್ನಷ್ಟು ಇಳಿಯಲಾರದೆ ಅಡ್ಡಕ್ಕೆ ಹರಿದು, ಪ್ರಸ್ಥಭೂಮಿ ಕಡಿದು ಬೀಳುವ ಅಂಚಿನಲ್ಲಿ ಊಟೆಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾ, ಪಾಪನಾಶ, ಝರಣಿ ನರಸಿಂಹ ಮೂರೂ ಇಂಥ ಊಟೆಗಳ ಬಳಿ ಬೆಳೆದ ಕ್ಷೇತ್ರಗಳು. 16ನೇ ಶತಮಾನದ ಆರಂಭದಲ್ಲಿ ಗುರುನಾನಕರು ಇಲ್ಲಿಗೆ ಬಂದಾಗ ಸಿಹಿನೀರಿನ ಝರಿ ಚಿಮ್ಮಿತೆಂಬ ನಂಬಿಕೆಯ ಸುತ್ತ ಗುರುದ್ವಾರ ನಿಂತಿದೆ. ಝರಣಿಯ ಗುಹೆಯಲ್ಲಿ ಸುಮಾರು 300 ಮೀಟರ್ ದೂರ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಬೇಕು. ಬದಲಿ ಬಟ್ಟೆ ಇರಲಿ, ಫೋನು ಹೊರಗಿರಲಿ. ಜನ ಹೆಚ್ಚಿದ ದಿನ ಒಳಗೆ ಗಾಳಿ ಕಡಿಮೆಯಾಗುವುದರಿಂದ ಉಸಿರಾಟದ ತೊಂದರೆ ಇರುವವರು ಹೋಗಬಾರದು. ಬರಗಾಲದ ವರ್ಷಗಳಲ್ಲಿ ನೀರಿನ ಮಟ್ಟ ಇಳಿದು ನಿಲ್ಲುತ್ತದೆ. ಊರಿನ ಅಂತರ್ಜಲ ಹೇಗಿದೆಯೆಂದು ತಿಳಿಯಲು ಇದಕ್ಕಿಂತ ನೇರವಾದ ಅಳತೆಗೋಲು ಬೇರೆ ಬೇಕಿಲ್ಲ.

ಬಹಮನಿ ಸುಲ್ತಾನ ಒಂದನೇ ಅಹ್ಮದ್ ಷಾ (ಆಳ್ವಿಕೆ 1422–1436) ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಕಲಬುರಗಿಯ ಆಸ್ಥಾನದಲ್ಲಿ ಒಳಜಗಳ ಹೆಚ್ಚಿತ್ತು. ಬೀದರ್ ಕನ್ನಡ, ತೆಲುಗು, ಮರಾಠಿ ನಾಡುಗಳು ಕೂಡುವ ಜಾಗ, ಎತ್ತರದಲ್ಲಿದ್ದು ಕಾಯಲು ಸುಲಭ. ಅಷ್ಟೇ ಮುಖ್ಯವಾಗಿ ಎತ್ತರದಲ್ಲಿದ್ದೂ ನೀರಿಗೆ ಬಡತನವಿರಲಿಲ್ಲ. 1432ರ ಹೊತ್ತಿಗೆ ಕೋಟೆಯ ಮುಖ್ಯ ಕೆಲಸ ಮುಗಿಯಿತು. ಜಂಬಿಟ್ಟಿಗೆ ಅಗೆಯುವಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಕೋಟೆಯ ದಕ್ಷಿಣಕ್ಕೆ ಇರುವ ಮೂರು ಸುತ್ತಿನ ಕಂದಕವನ್ನು ಇಡಿಯ ಬಂಡೆಯಲ್ಲೇ ಕೊರೆದಿದ್ದಾರೆ, ನಡುವಿನ ಕಲ್ಲಿನ ದಿಬ್ಬಗಳನ್ನು ಹಾಗೇ ಬಿಟ್ಟಿದ್ದಾರೆ. ಹೆಬ್ಬಾಗಿಲು ದಾಟುವ ಮುನ್ನ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ. ಬಹಳ ಜನ ಇದನ್ನು ಗಮನಿಸದೆ ಗಾಡಿಯಲ್ಲಿ ಸೀದಾ ಒಳಹೋಗಿಬಿಡುತ್ತಾರೆ.

ಒಳಗೆ ರಂಗೀನ್ ಮಹಲ್, ಸೋಲಾ ಖಂಬ ಮಸೀದಿ, ಗಗನ್ ಮಹಲ್, ತಖ್ತ್ ಮಹಲ್ ಇವೆ. ಸೋಲಾ ಖಂಬ 1423–24ರದು, ರಾಜಧಾನಿ ಪೂರ್ತಿ ಇಲ್ಲಿಗೆ ಬರುವುದಕ್ಕೂ ಹಿಂದಿನದು. ರಂಗೀನ್ ಮಹಲ್‌ಗೆ ಈಗಿನ ರೂಪ ಕೊಟ್ಟವನು ಬಹಮನಿಗಳ ನಂತರ ಬೀದರನ್ನು ಆಳಿದ ಬರೀದ್ ಶಾಹಿ ಮನೆತನದ ಅರಸ ಅಲಿ ಬರೀದ್ (1542–1580). ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕುಸುರಿ ಅಲ್ಲಿದೆ. ಅದಕ್ಕೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ. ಕೋಟೆಯೊಳಗಿನ ಪುರಾತತ್ವ ಇಲಾಖೆಯ ಕಚೇರಿಯಲ್ಲಿ ವಿನಂತಿಸಿ, ಸಿಬ್ಬಂದಿ ಇದ್ದರೆ ತೆರೆದು ತೋರಿಸುತ್ತಾರೆ. ಕಪ್ಪು ನೆಲದ ಮೇಲೆ ಬಿಳಿ ಹೊಳಪು ಎಂಬ ಈ ರುಚಿಯೇ ಬಿದ್ರಿಯಲ್ಲೂ ಇದೆ. ಬಿದ್ರಿ ಕೊಳ್ಳುವ ಮುನ್ನ ರಂಗೀನ್ ಮಹಲ್ ನೋಡಿ ಬಂದರೆ ಒಳ್ಳೆಯ ಕೆಲಸ ಯಾವುದೆಂದು ಕಣ್ಣಿಗೆ ಗೊತ್ತಾಗುತ್ತದೆ.

ಕೋಟೆಯಿಂದ ಊರೊಳಗೆ ಬಂದರೆ 1472ರ ಮದರಸಾ. ಇರಾನಿನ ಗಿಲಾನ್ ಪ್ರಾಂತ್ಯದಿಂದ ಬಂದು ಬಹಮನಿ ಪ್ರಧಾನಿಯಾದ ಮಹಮೂದ್ ಗವಾನ್ ಅದನ್ನು ಕಟ್ಟಿಸಿದ. 1481ರಲ್ಲಿ ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಅಲ್ಲಿಂದ ರಾಜ್ಯ ಚೇತರಿಸಿಕೊಳ್ಳಲಿಲ್ಲ, ಒಡೆದು ಐದಾಯಿತು. 1657ರಲ್ಲಿ ಔರಂಗಜೇಬ ಬೀದರನ್ನು ಗೆದ್ದ. ಆ ಶತಮಾನದ ಕೊನೆಯಲ್ಲಿ ನಡೆದ ಮದ್ದಿನ ಸ್ಫೋಟದಲ್ಲಿ ಮದರಸಾದ ಮುಂಭಾಗ ಮತ್ತು ಒಂದು ಮಿನಾರು ಕುಸಿದವು. ಉಳಿದ ಮಿನಾರಿನ ಮೇಲೆ ನೀಲಿ, ಹಸಿರು ಹೆಂಚಿನ ಚೂರುಗಳು ಇನ್ನೂ ಇವೆ. ಬೆಳಗಿನ ಬಿಸಿಲಿನಲ್ಲಿ ಅವು ಚೆನ್ನಾಗಿ ಕಾಣುತ್ತವೆ.

ಇನ್ನು ನೀರಿನ ಮಾತು. ಊಟೆ ಎಲ್ಲಿ ಹೊರಡುತ್ತದೋ ಅಲ್ಲಿಗೆ ಹೋಗಿ ನೀರು ತರುವ ಬದಲು, ಒಳಗೆ ಹರಿಯುವ ನೀರನ್ನೇ ಬೇಕಾದ ಕಡೆಗೆ ತಿರುಗಿಸಲು ಬಹಮನಿಗಳು ಇರಾನಿನ ಕರೇಜ್ ವಿದ್ಯೆಯನ್ನು ತಂದರು. ಎತ್ತರದ ಜಾಗದಲ್ಲಿ ಒಂದು ತಾಯಿಬಾವಿ. ಅಲ್ಲಿಂದ ಕೆಂಪುಕಲ್ಲಿನಲ್ಲಿ ಅತಿ ಸಣ್ಣ ಇಳಿಜಾರಿನ ಸುರಂಗ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ನೆಲದಿಂದ ಕೆಳಗಿಳಿಯುವ ಬಾವಿಗಳು: ಅಗೆಯುವಾಗ ಮಣ್ಣು ಎತ್ತಲು, ಗಾಳಿಯಾಡಲು, ಆಮೇಲೆ ನೀರು ಸೇದಲು. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಸುರಂಗದ ತಳ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು ಕಟ್ಟುತ್ತದೆ. ಯಂತ್ರವಿಲ್ಲದ ಕಾಲದಲ್ಲಿ, ನೆಲದಡಿಯ ಕತ್ತಲಲ್ಲಿ ಈ ಲೆಕ್ಕ ತಪ್ಪದಂತೆ ಕೊರೆದವರ ಜಾಣ್ಮೆಗೆ ಕೋಟೆಯ ಬುರುಜು ಕಟ್ಟಿದವರಷ್ಟೇ ಗೌರವ ಸಲ್ಲಬೇಕು.

ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಎಂಬ ಮೂರು ಜಾಲಗಳಲ್ಲಿ ಸುಲಭವಾಗಿ ನೋಡಸಿಗುವುದು ನೌಬಾದಿನದು, ಎರಡು ಕಿಲೋಮೀಟರಿಗೂ ಉದ್ದ. ಇದು ಹಾಳಾದದ್ದು ಹೇಗೆಂಬುದು ಬೀದರಿನ ಇತ್ತೀಚಿನ ಇತಿಹಾಸವೇ. ನಲ್ಲಿನೀರು ಬಂದ ಮೇಲೆ ಬಾವಿಗಳ ಬಾಯಿ ಕಸದ ಗುಂಡಿಯಾಯಿತು. ಒಂದು ಬಾವಿ ಕುಸಿದರೂ ಸಾಕು, ಮಣ್ಣು ಸುರಂಗಕ್ಕೆ ಅಡ್ಡಬಿದ್ದು ಅದರ ಮೇಲ್ಭಾಗದ ನೀರೆಲ್ಲ ನಿಂತುಹೋಗುತ್ತದೆ. ಮೇಲೆ ಬಡಾವಣೆ, ಕಾಂಕ್ರೀಟು ಬಂದಂತೆ ಕೆಂಪುಕಲ್ಲಿಗೆ ಮಳೆ ಇಳಿಯುವ ದಾರಿ ಮುಚ್ಚಿತು. ಕೊಳವೆಬಾವಿಗಳು ಕರಿಕಲ್ಲಿನ ಬಿರುಕಿನವರೆಗೂ ಇಳಿದು, ಕರೇಜ್ ನಂಬಿದ್ದ ಮೇಲ್ಪದರದ ನೀರನ್ನು ಕೆಳಕ್ಕೆ ಬಸಿದವು. 2010ರ ದಶಕದ ಮಧ್ಯದಲ್ಲಿ ಜಿಲ್ಲಾಡಳಿತ ಹೂಳೆತ್ತಿಸಿದಾಗ ನೌಬಾದಿನಲ್ಲಿ ಮತ್ತೆ ನೀರು ಕಂಡಿತು. ಆದರೆ ಹೂಳು ತೆಗೆಯುವುದು ಒಂದು ಸಲದ ಕೆಲಸವಲ್ಲ. ಹಿಂದೆ ಅದನ್ನು ಬಳಸುತ್ತಿದ್ದವರೇ ಕಾಯುತ್ತಿದ್ದರು, ಈಗ ಅದರ ನೀರನ್ನು ನೆಚ್ಚಿಕೊಂಡ ಮನೆಗಳೇ ಇಲ್ಲ. ನೋಡಲು ಹೋದವರು ಸ್ಥಳೀಯರೊಬ್ಬರು ಜೊತೆಯಿಲ್ಲದೆ ಸುರಂಗಕ್ಕೆ ಇಳಿಯಬೇಡಿ. ಮಳೆಗಾಲದಲ್ಲಿ ಇಳಿಯಲೇಬೇಡಿ.

ಬಿದ್ರಿಗೂ ಈ ನೆಲ ಬೇಕು. ಇರಾನಿನಿಂದ ಬಂದ ಕುಶಲಕರ್ಮಿಗಳು ಬಹಮನಿ ಕಾಲದಲ್ಲಿ ಕಲೆ ತಂದರೆಂಬುದು ಐತಿಹ್ಯ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಹುಕ್ಕಾ ಬುಡ, ಪಾನ್‌ದಾನ್‌ಗಳು ಹೆಚ್ಚಾಗಿ 17ನೇ ಶತಮಾನದಿಂದೀಚಿನವು. ಸುಮಾರು 16 ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಕಲಸಿದ ಮಣ್ಣಿನ ಅಚ್ಚಿಗೆ ಸುರಿಯುತ್ತಾರೆ. ತಣಿದ ಮೇಲೆ ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಆ ಕಪ್ಪಿನ ಮೇಲೆ ಚೂಪು ಮೊಳೆಯಿಂದ ಕೈಯಲ್ಲೇ ಚಿತ್ತಾರ ಗೀರುತ್ತಾರೆ. ಗೀರಿದ ಗೆರೆಯನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸ ತಾರಕಶಿ, ತಗಡಿನದು ತೆಹನಿಶಾನ್. ಮತ್ತೆ ಉಜ್ಜಿದಾಗ ಎಲ್ಲವೂ ಒಂದೇ ಬೂದುಬಿಳುಪಾಗಿ, ಚಿತ್ತಾರ ಕಾಣದಂತಾಗುತ್ತದೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರನ್ನು ಕಾಯಿಸಿ ಅದರಲ್ಲಿ ವಸ್ತುವನ್ನು ತಿಕ್ಕಿದರೆ ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಯಾವ ಮಣ್ಣಾದರೂ ಆಗುವುದಿಲ್ಲ. ಶತಮಾನಗಳ ಕಾಲ ಬಿಸಿಲು, ಮಳೆ ಕಾಣದ ಹಳೆಯ ಗೋಡೆಗಳ ಒಳಭಾಗದ ಮಣ್ಣು ಬೇಕು. ಅಲ್ಲಿ ಸೇರಿಕೊಂಡ ನೈಟ್ರೇಟ್ ಲವಣಗಳೇ ಈ ಕಪ್ಪಿಗೆ ಕಾರಣ. ಮಳೆ ಬಿದ್ದರೆ ಅವು ತೊಳೆದುಹೋಗುತ್ತವೆ. ಅನುಭವಿ ಕೆಲಸಗಾರರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ರುಚಿಯಿಂದಲೇ ಗುರುತಿಸುತ್ತಾರೆ. ಇಂಥ ಮಣ್ಣು ಹೊಸದಾಗಿ ಹುಟ್ಟುವುದು ಬಹಳ ನಿಧಾನ. ಕೋಟೆ ಸಂರಕ್ಷಿತ ಸ್ಮಾರಕ, ಮನಬಂದಲ್ಲಿ ಅಗೆಯುವಂತಿಲ್ಲ, ಅಗೆಯಲೂಬಾರದು. ಸ್ಮಾರಕವೂ ಉಳಿದು ಕಸುಬೂ ಉಳಿಯಬೇಕಾದರೆ ಕೆಲಸಗಾರರಿಗೆ ಈ ಮಣ್ಣು ಎಲ್ಲಿಂದ, ಎಷ್ಟು ಎಂಬುದಕ್ಕೆ ಒಂದು ಕ್ರಮ ಬೇಕು. ಭೌಗೋಳಿಕ ಗುರುತಿನ ಮಾನ್ಯತೆಯಾಗಲಿ, 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಸಂದ ಪದ್ಮಶ್ರೀಯಾಗಲಿ ಹೆಸರು ತಂದಿವೆ, ಮಣ್ಣಿನ ಪ್ರಶ್ನೆ ಹಾಗೇ ಉಳಿದಿದೆ. ಇದರ ಮೇಲೆ ಬೆಳ್ಳಿಯ ಬೆಲೆ. ದರ ಏರಿದಂತೆ ತಂತಿ ತೆಳುವಾಗುತ್ತದೆ, ಚಿತ್ತಾರ ವಿರಳವಾಗುತ್ತದೆ, ಹುಡುಗರು ಬೇರೆ ದುಡಿಮೆಗೆ ಹೋಗುತ್ತಾರೆ.

ಕೊಳ್ಳುವುದಾದರೆ ಊರ ನಡುವಿನ ಚೌಬಾರಾ ಗೋಪುರದ ಸುತ್ತಲಿನ ಗಲ್ಲಿಗಳಿಗೆ, ಸಿದ್ದಿಕ್ ತಾಲೀಮ್ ರಸ್ತೆಯ ಕಡೆಗೆ ಹೋಗಿ. ಕೊರೆಯುವುದು, ಕೂರಿಸುವುದು ಕಣ್ಣೆದುರೇ ನಡೆಯುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತು ಬಿಟ್ಟು ಹೋಗಿ. ಅಸಲಿ ಬಿದ್ರಿ ಗಾತ್ರಕ್ಕೆ ಹೋಲಿಸಿದರೆ ಕೈಗೆ ಭಾರ. ಹಗುರವಾಗಿದ್ದರೆ ಅಲ್ಯೂಮಿನಿಯಮ್ಮಿಗೆ ಕಪ್ಪು ಬಣ್ಣ ಹೊಡೆದದ್ದಿರಬಹುದು. ಕಪ್ಪು ಮಿರಮಿರ ಹೊಳೆಯಬಾರದು, ಮಕಮಲ್ಲಿನ ಹಾಗೆ ಮಂದವಾಗಿರಬೇಕು. ಬೆರಳ ತುದಿ ಆಡಿಸಿ ನೋಡಿ. ತಂತಿಯ ತುದಿ ಚುಚ್ಚಿದರೆ ಕೊರೆತ ಆಳವಿಲ್ಲ ಎಂದರ್ಥ, ಅಂಥ ತಂತಿ ಮುಂದೆ ಎದ್ದು ಬರುತ್ತದೆ. ಎರಡು ಎಲೆ, ಎರಡು ಹೂ ಅಚ್ಚುಹಾಕಿದಂತೆ ಒಂದೇ ಸಮ ಇದ್ದರೆ ಅನುಮಾನಿಸಿ. ಬೆಳ್ಳಿ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೂಡಿದಷ್ಟೂ ಚೌಕಾಸಿ ಮಾಡಬೇಡಿ: ಒಂದೇ ಅಳತೆಯ ಎರಡು ಡಬ್ಬಿಗಳ ಬೆಲೆ ಬೇರೆಯಾಗುವುದು ಬೆಳ್ಳಿ ಮತ್ತು ಕೂತ ದಿನಗಳಿಂದ.

ಸತು ಬಿರುಸು ಲೋಹ. ಕಲ್ಲುನೆಲದ ಮೇಲೆ ಬಿದ್ದರೆ ಹೂದಾನಿಯ ಕತ್ತು ಮುರಿಯುತ್ತದೆ. ಹುಣಸೆಹಣ್ಣು, ನಿಂಬೆ, ಪಾತ್ರೆ ತೊಳೆಯುವ ಪುಡಿ ತಾಕಿಸಬೇಡಿ, ಹುಳಿ ಸತುವನ್ನು ತಿಂದು ಕಪ್ಪನ್ನು ಕೆಡಿಸುತ್ತದೆ. ಇದೇ ಕಾರಣಕ್ಕೆ ಊಟದ ಪದಾರ್ಥ ಇಡುವುದೂ ಬೇಡ. ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಹತ್ತಿ ಬಟ್ಟೆಯಿಂದ ಒರೆಸಿದರೆ ಸಾಕು.

ಊರ ಹೊರಗೆ ಮೊದಲು ಅಷ್ಟೂರು. ಕೆಲವೇ ಕಿಲೋಮೀಟರ್ ಪೂರ್ವಕ್ಕೆ, ಹೊಲಗಳ ನಡುವೆ ಬಹಮನಿಗಳ ಗೋರಿಗಳ ಸಾಲು. ಸಿಡಿಲು ಬಡಿದು ಸೀಳಿದ, ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ ಇಲ್ಲಿದೆ. ಅಹ್ಮದ್ ಷಾನ ಗೋರಿಯೊಳಗಿನ ಚಿನ್ನ, ಕುಂಕುಮ, ನೀಲಿ ಬಣ್ಣದ ಬರಹ ನೋಡಲು ಟಾರ್ಚ್ ಬೇಕು, ಫ್ಲ್ಯಾಶ್ ಬೇಡ. ಅಹ್ಮದ್ ಷಾನನ್ನು ಮುಸ್ಲಿಮರು ವಲಿ (ಸಂತ) ಎಂದೂ, ಲಿಂಗಾಯತರಲ್ಲಿ ಅನೇಕರು ಅಲ್ಲಮಪ್ರಭುವೆಂದೂ ನಂಬುತ್ತಾರೆ. ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬಂದು ನಡೆಸಿಕೊಡುತ್ತಾರೆ.

ಎರಡನೆಯ ದಿನವಿದ್ದರೆ ಹುಮನಾಬಾದ್ ಕಡೆ ಹೊರಡಿ, ಸುಮಾರು 50 ಕಿಲೋಮೀಟರ್. ಅದರ ಹತ್ತಿರದ ಜಲಸಂಗ್ವಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ ವಿಕ್ರಮಾದಿತ್ಯನನ್ನು ಹೊಗಳುವ ಸಾಲು ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಮುಂದೆ ಬಸವಕಲ್ಯಾಣ, ಬೀದರಿನಿಂದ ಸುಮಾರು 80 ಕಿಲೋಮೀಟರ್. ಕೆಂಪುನೆಲ ಇಳಿದು ಕಪ್ಪು ಎರೆಗೆ ಬಂದದ್ದು ದಾರಿಯಲ್ಲೇ ತಿಳಿಯುತ್ತದೆ: ತೊಗರಿ, ಜೋಳ, ಕಡಲೆ, ಕಬ್ಬು. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ, ಏಪ್ರಿಲ್‌–ಮೇ ಬಿಸಿಲಿನಲ್ಲಿ ಕೋಟೆ ಸುತ್ತುವುದು ಆಗದ ಮಾತು. ಎಳ್ಳಮಾವಾಸ್ಯೆಯ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ, ಅಂಗಡಿಗಳನ್ನು ನಂಬಿಕೊಂಡು ಬರಬೇಡಿ. ಹೊಲದಲ್ಲಿ ಕರೆದರೆ ಮಾತ್ರ ಭಜ್ಜಿ, ಅಂಬಲಿ ಬೇಡವೆನ್ನಬೇಡಿ. ಹೈದರಾಬಾದಿನಿಂದ ರಸ್ತೆಯಲ್ಲಿ ಮೂರು ಗಂಟೆ. 2017ರಲ್ಲಿ ಕಲಬುರಗಿ–ಬೀದರ್ ರೈಲುಮಾರ್ಗ ತೆರೆದ ಮೇಲೆ ಕಲಬುರಗಿ ಕಡೆಯವರಿಗೂ ಸಲೀಸು. 2020ರಲ್ಲಿ ಶುರುವಾದ ವಿಮಾನ ಸಂಚಾರ ನಡುನಡುವೆ ನಿಂತದ್ದುಂಟು, ಟಿಕೆಟ್ ನೋಡಿಕೊಂಡೇ ರಜೆ ಹಾಕಿ.